ಕಂಪ್ಯೂಟರ್ ಪ್ರಶ್ನೆ ಓದಿ ಹೇಳಿದರೆ ಅಂಕ ಪೂರ್ತಿ ಕೊಡಬಹುದಾ? ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಯ ಪರೀಕ್ಷೆ ಬಗ್ಗೆ ಸಲಹೆ ಬೇಕು

ವಿಜ್ಞಾನದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ತರಗತಿಯ ಒಬ್ಬ ಹುಡುಗನಿಗೆ ಡಿಸ್ಲೆಕ್ಸಿಯಾ (ಅಕ್ಷರ ಓದುವುದರಲ್ಲಿ ತೊಂದರೆ) ಇದೆ ಎಂದು ತಜ್ಞರ ವರದಿ ಬಂದಿದೆ. ಪಾಠ ಕೇಳಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾನೆ. ಬಾಯಿಮಾತಿನಲ್ಲಿ ಕೇಳಿದರೆ ಉತ್ತರ ಹೇಳಿ, ತಿರುಗಿ ನನ್ನನ್ನೇ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಮಾತ್ರ ಮೊದಲ ಪುಟದಲ್ಲೇ ಅರ್ಧ ಸಮಯ ಕಳೆದುಹೋಗುತ್ತದೆ.

ಮುಂದಿನ ಪರೀಕ್ಷೆಯನ್ನು ಲ್ಯಾಪ್‌ಟಾಪ್‌ನಲ್ಲಿ, ಪ್ರಶ್ನೆ ಓದಿ ಹೇಳುವ ಸಾಫ್ಟ್‌ವೇರ್ ಹಾಕಿ ಬರೆಸೋಣ ಎಂದುಕೊಂಡಿದ್ದೇವೆ. ಸ್ಟಾಫ್ ರೂಮಿನಲ್ಲಿ ಇದಕ್ಕೇ ಎರಡು ಪಂಗಡ ಆಗಿಬಿಟ್ಟಿದೆ. "ಉಳಿದವರಿಗೆ ಇಲ್ಲದ್ದು ಇವನೊಬ್ಬನಿಗೇ ಯಾಕೆ?" ಅನ್ನುವವರು ಒಂದು ಕಡೆ. "ಹೋಗಲಿ ಬಿಡಿ, ಪಾಪ" ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಹಿಡಿಸಲಿಲ್ಲ. ಪಾಪ ಅಂತ ಕೊಡುವ ಅಂಕ ಅವನಿಗೂ ಬೇಕಿಲ್ಲ.

ಇಂಥ ಪರೀಕ್ಷೆ ನಡೆಸಿದವರು, ಬರೆದವರು ಯಾರಾದರೂ ಇದ್ದರೆ ಹೇಳಿ. ಸಾಫ್ಟ್‌ವೇರ್ ಎಲ್ಲಿವರೆಗೆ ಸಹಾಯ, ಎಲ್ಲಿಂದಾಚೆ ಮೋಸ?

ನಿರ್ವಾಹಕರು

ಮಗುವಿನ ಹೆಸರು, ಶಾಲೆಯ ಹೆಸರು, ವೈದ್ಯಕೀಯ ವರದಿಯ ಫೋಟೊ ಯಾರೂ ಹಾಕಬೇಡಿ. ಚರ್ಚೆ ಮುಂದುವರಿಯಲಿ.

ವಿಶೇಷ ಶಿಕ್ಷಕಿ

ಮೇಡಂ, ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಮಾತು ಬರೆಯಿರಿ: ಇಲ್ಲಿ ನಾನು ಏನನ್ನು ಅಳೆಯುತ್ತಿದ್ದೇನೆ? ಈ ಕೆಲಸ ಮಾಡದೆ ಯಾವ ಸಾಫ್ಟ್‌ವೇರ್ ಬಗ್ಗೆಯೂ ತೀರ್ಮಾನ ಮಾಡಲು ಆಗುವುದಿಲ್ಲ.

ಗಿಡ ಆಹಾರ ತಯಾರಿಸುವಾಗ ಬೆಳಕಿನ ಪಾತ್ರ ಏನು ಎಂದು ಕೇಳಿದ್ದೀರಿ ಅಂದುಕೊಳ್ಳಿ. ಅದು ವಿಜ್ಞಾನದ ಪ್ರಶ್ನೆ. ಹುಡುಗ ಅದನ್ನು ಕಣ್ಣಿನಿಂದ ಓದಿದರೂ ಕಿವಿಯಿಂದ ಕೇಳಿದರೂ ಅವನಿಗೆ ಗೊತ್ತಿರಬೇಕಾದ ವಿಷಯ ಅದೇ. ಆದ್ದರಿಂದ ಓದಿ ಹೇಳಿಸಬಹುದು. ಅದೇ "ಈ ಪದಗಳನ್ನು ಗಟ್ಟಿಯಾಗಿ ಓದು" ಎಂಬ ಪರೀಕ್ಷೆಯಲ್ಲಿ ಕಂಪ್ಯೂಟರ್ ಓದಿ ಹೇಳಿದರೆ ಪರೀಕ್ಷೆಯೇ ಉಳಿಯುವುದಿಲ್ಲ. ಪರೀಕ್ಷೆ ಬರೆಯುವ ಬಗೆಯನ್ನು ಬದಲಿಸುವುದು ಒಂದು, ಪರೀಕ್ಷೆಯನ್ನೇ ಬದಲಿಸುವುದು ಇನ್ನೊಂದು. ಸ್ಟಾಫ್ ರೂಮಿನ ಜಗಳ ಸಾಮಾನ್ಯವಾಗಿ ಇವೆರಡನ್ನೂ ಕಲಸಿಬಿಡುವುದರಿಂದ ಬರುತ್ತದೆ.

ಡಿಸ್ಲೆಕ್ಸಿಯಾದಲ್ಲಿ ಆಗುವುದೇನು ಅಂತಲೂ ಸಹೋದ್ಯೋಗಿಗಳಿಗೆ ಹೇಳಿ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಎರಡು ಭಾಗ ಮಾಡಿ ತೋರಿಸಿದರು. ಅಕ್ಷರ ಕೂಡಿಸಿ ಪದವನ್ನು ಗುರುತಿಸುವುದು ಒಂದು. ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಇವೆರಡರ ಗುಣಲಬ್ಧ ಎಂದರು, ಮೊತ್ತ ಅನ್ನಲಿಲ್ಲ. ಹಾಗಾಗಿ ಒಂದು ಸೊನ್ನೆಗೆ ಹತ್ತಿರ ಬಂದರೆ ಇನ್ನೊಂದು ಎಷ್ಟೇ ಚೆನ್ನಾಗಿದ್ದರೂ ಫಲ ಸೊನ್ನೆಗೇ ಹತ್ತಿರ. ನಿಮ್ಮ ಹುಡುಗನಿಗೆ ಮೊದಲನೆಯದು ಕೈಕೊಡುತ್ತಿದೆ. ಓದಿ ಹೇಳುವ ಸಾಫ್ಟ್‌ವೇರ್ ತುಂಬುವುದು ಅದನ್ನು ಮಾತ್ರ. ಎರಡನೆಯದು ಅವನದೇ. ವಿಷಯ ಗೊತ್ತಿಲ್ಲದವನಿಗೆ ಕಂಪ್ಯೂಟರ್ ನೂರು ಸಲ ಪ್ರಶ್ನೆ ಓದಿ ಹೇಳಿದರೂ ಉತ್ತರ ಹೊಳೆಯುವುದಿಲ್ಲ.

ಗಣಿತದ ಮೇಷ್ಟ್ರು

ವಿರೋಧದ ಮಾತು ಯಾರಾದರೂ ಹೇಳಬೇಕಲ್ಲ, ನಾನು ಹೇಳುತ್ತೇನೆ. ನನ್ನ ತರಗತಿಯಲ್ಲಿ ಯಾರಿಗೇ ಅರ್ಧ ಗಂಟೆ ಜಾಸ್ತಿ ಕೊಟ್ಟರೂ ನಾಲ್ಕು ಅಂಕ ಜಾಸ್ತಿ ಬರುತ್ತದೆ. ಕ್ಯಾಲ್ಕುಲೇಟರ್ ಕೊಟ್ಟರೆ ಇನ್ನೂ ಜಾಸ್ತಿ. ಹಾಗಿರುವಾಗ ಕೆಲವರಿಗೆ ಮಾತ್ರ ಕೊಡುವುದು ನ್ಯಾಯ ಹೇಗಾಗುತ್ತದೆ? ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅಂಕಪಟ್ಟಿ ನೋಡುವವರಿಗೆ ಒಂದೇ ಅಂಕ ಒಂದೇ ಅರ್ಥ ಕೊಡಬೇಕು ಅಲ್ವಾ?

ಇಬ್ಬರು ಮಕ್ಕಳ ಅಮ್ಮ

ಮೇಷ್ಟ್ರೇ, ಕಣ್ಣು ಮಂಜಾದ ಮಗುವಿಗೆ ಕನ್ನಡಕ ಹಾಕಿ ಪರೀಕ್ಷೆ ಬರೆಯಲು ಬಿಡುತ್ತೀರಿ. ಪಕ್ಕದವರಿಗೂ ಕೊಡಿ ಎಂದು ಯಾರೂ ಕೇಳುವುದಿಲ್ಲ. ನನ್ನ ದೊಡ್ಡ ಮಗಳಿಗೆ ಡಿಸ್‌ಗ್ರಾಫಿಯಾ. ಕೈಯಲ್ಲಿ ಬರೆದರೆ ಅರ್ಧ ಪುಟಕ್ಕೆ ಬೆರಳು ನೋವು ಬರುತ್ತದೆ, ಅಕ್ಷರ ಒಂದರ ಮೇಲೊಂದು ಕೂರುತ್ತದೆ. ಟೈಪ್ ಮಾಡಿದರೆ ಎರಡು ಪುಟ ಸಲೀಸಾಗಿ ಬರೆಯುತ್ತಾಳೆ. ಆ ಎರಡು ಪುಟ ಅವಳದೇ ತಲೆಯಿಂದ ಬಂದದ್ದು.

ಅಳತೆಪಟ್ಟಿ

ಪರೀಕ್ಷೆಗಳ ಮೌಲ್ಯಮಾಪನವೇ ನನ್ನ ಕೆಲಸ. ಅಮ್ಮನವರ ಮಾತಿಗೆ ನನ್ನ ಸಹಾನುಭೂತಿ ಇದೆ, ಆದರೆ ಮೇಷ್ಟ್ರ ಪ್ರಶ್ನೆಗೆ ಕನ್ನಡಕ ಉತ್ತರ ಆಗುವುದಿಲ್ಲ. ಕಣ್ಣು ಚೆನ್ನಾಗಿರುವವರಿಗೆ ಬೇರೆಯವರ ಕನ್ನಡಕದಿಂದ ಲಾಭವಿಲ್ಲ, ತಲೆನೋವು ಬರಬಹುದು ಅಷ್ಟೆ. ಹೆಚ್ಚಿನ ಸಮಯದಿಂದ ತುಂಬಾ ಜನರಿಗೆ ಲಾಭ ಇದೆ. ಮೇಷ್ಟ್ರು ಕೇಳುತ್ತಿರುವುದು ಅದನ್ನೇ, ಮತ್ತು ಅದು ಸರಿಯಾದ ಪ್ರಶ್ನೆ.

ಸಂಶೋಧಕರು ಇದನ್ನು ಪರೀಕ್ಷಿಸುವ ಒಂದು ದಾರಿ ಇದೆ. ಒಂದು ಸೌಲಭ್ಯವನ್ನು ತೊಂದರೆ ಇರುವ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ಕೊಟ್ಟು ನೋಡುತ್ತಾರೆ. ಎರಡೂ ಗುಂಪಿಗೆ ಒಂದೇ ಪ್ರಮಾಣದಲ್ಲಿ ಅಂಕ ಏರಿದರೆ ಆ ಸೌಲಭ್ಯ ಪರೀಕ್ಷೆಯನ್ನು ಸುಲಭ ಮಾಡಿದೆ ಎಂದರ್ಥ. ತೊಂದರೆ ಇರುವವರಿಗೆ ಎದ್ದು ಕಾಣುವಷ್ಟು ಜಾಸ್ತಿ ಏರಿದರೆ ಅಡ್ಡಿಯನ್ನು ತೆಗೆದಿದೆ ಎಂದರ್ಥ. ಪೂರ್ತಿ ಖಚಿತವಾದ ಅಳತೆ ಇದಲ್ಲ. ಆದರೂ "ಪಾಪ" ಮತ್ತು "ಮೋಸ" ಎಂಬ ಎರಡು ಮಾತಿನ ನಡುವೆ ನಿಲ್ಲಲು ಒಂದು ನೆಲ ಸಿಗುತ್ತದೆ.

ಈ ಅಳತೆಯಲ್ಲಿ ಹೆಚ್ಚಿನ ಸಮಯ ಅಷ್ಟೇನೂ ಚೆನ್ನಾಗಿ ಪಾಸಾಗುವುದಿಲ್ಲ. 2013ರಲ್ಲಿ ಲೆವಾಂಡೌಸ್ಕಿ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಓದು ಪರೀಕ್ಷೆಯಲ್ಲಿ ನೋಡಿದಾಗ, ಹೆಚ್ಚಿನ ಸಮಯದ ಲಾಭ ಕಲಿಕಾ ತೊಂದರೆ ಇಲ್ಲದವರಿಗೇ ಜಾಸ್ತಿ ಸಿಕ್ಕಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಇದರಿಂದ ಕಲಿಯಬೇಕಾದ್ದು "ಯಾರಿಗೂ ಕೊಡಬೇಡಿ" ಎಂದಲ್ಲ. ವೇಗವನ್ನು ಅಳೆಯುವ ಉದ್ದೇಶ ಇಲ್ಲದ ಪರೀಕ್ಷೆಗೆ ಎಲ್ಲರಿಗೂ ಸಾಕಷ್ಟು ಸಮಯ ಇರಬೇಕು. ಗಡಿಯಾರ ನೋಡಿ ಓಡಿಸುವ ಪರೀಕ್ಷೆ ಮಾಡಿಟ್ಟು, ಆಮೇಲೆ ಯಾರಿಗೆ ವಿನಾಯಿತಿ ಎಂದು ಜಗಳ ಆಡುತ್ತೇವೆ.

ಓದಿ ಹೇಳುವ ಸೌಲಭ್ಯದ ಕತೆ ಬೇರೆ. ಓದುವ ತೊಂದರೆ ಇರುವವರಿಗೆ ಕಂಪ್ಯೂಟರ್ ಅಥವಾ ಮನುಷ್ಯ ಓದಿ ಹೇಳಿದಾಗ ಅರ್ಥ ಮಾಡಿಕೊಳ್ಳುವುದು ಎಷ್ಟು ಸುಧಾರಿಸುತ್ತದೆ ಎಂದು 2018ರಲ್ಲಿ ವುಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಸರಾಸರಿ ಪರಿಣಾಮ 0.35. ಅಂಕಿಅಂಶದ ಭಾಷೆಯಲ್ಲಿ ಇದು ಚಿಕ್ಕದಕ್ಕಿಂತ ಮೇಲೆ, ಮಧ್ಯಮಕ್ಕಿಂತ ಕೆಳಗೆ. ಪವಾಡ ಅಲ್ಲ, ಸುಮ್ನೆ ಕಡೆಗಣಿಸುವಷ್ಟು ಸಣ್ಣದೂ ಅಲ್ಲ.

ಗಣಿತದ ಮೇಷ್ಟ್ರು

ಸಮಯದ ಬಗ್ಗೆ ಹೇಳಿದ್ದು ಒಪ್ಪಿದೆ. ಕ್ಯಾಲ್ಕುಲೇಟರ್?

ವಿಶೇಷ ಶಿಕ್ಷಕಿ

ಅದೇ ಪೆನ್ಸಿಲ್ ಪ್ರಶ್ನೆ ಸರ್. 47ನ್ನು 8ರಿಂದ ಗುಣಿಸು ಎಂದು ಕೇಳಿದರೆ ಗುಣಾಕಾರವೇ ಪರೀಕ್ಷೆ. ಕ್ಯಾಲ್ಕುಲೇಟರ್ ಬೇಡ. ಟ್ಯಾಂಕಿನ ಗಾತ್ರ ಕಂಡುಹಿಡಿದು, ತುಂಬಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕದಲ್ಲಿ ನೀವು ನೋಡುವುದು ಯಾವ ಸೂತ್ರ, ಯಾವ ಹೆಜ್ಜೆ ಎಂಬುದನ್ನು. ಡಿಸ್‌ಕ್ಯಾಲ್ಕುಲಿಯಾ (ಲೆಕ್ಕ ಮಾಡುವುದರಲ್ಲಿ ತೊಂದರೆ) ಇರುವ ಮಗು ಹೆಜ್ಜೆ ಸರಿ ಇಟ್ಟು ಮಗ್ಗಿಯಲ್ಲಿ ಎಡವಿದರೆ ಪೂರ್ತಿ ಉತ್ತರ ತಪ್ಪಾಗುತ್ತದೆ. ಪತ್ರಿಕೆಯನ್ನು ಎರಡು ಭಾಗ ಮಾಡಿ. ಒಂದರಲ್ಲಿ ಯಾರಿಗೂ ಕ್ಯಾಲ್ಕುಲೇಟರ್ ಇಲ್ಲ, ಇನ್ನೊಂದರಲ್ಲಿ ಎಲ್ಲರಿಗೂ ಇದೆ. ಹಲವು ದೇಶಗಳ ಗಣಿತ ಪರೀಕ್ಷೆಗಳಲ್ಲಿ ಈ ಪದ್ಧತಿ ಈಗಾಗಲೇ ಇದೆ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೀಲಿಮಣೆ

ನೀತಿ ನ್ಯಾಯ ನೀವು ನೋಡಿಕೊಳ್ಳಿ, ನಾನು ಕಂಪ್ಯೂಟರ್ ಕಡೆಯಿಂದ ಹೇಳುತ್ತೇನೆ. ಇಂಥ ಪರೀಕ್ಷೆ ಕೆಡುವುದು ಹೆಚ್ಚಾಗಿ ಸಾಫ್ಟ್‌ವೇರ್‌ನಿಂದಲ್ಲ, ಪ್ರಶ್ನೆಪತ್ರಿಕೆಯ ಫೈಲ್‌ನಿಂದ.

ಮೊದಲನೆಯದು, ಸ್ಕ್ಯಾನ್ ಮಾಡಿದ ಪಿಡಿಎಫ್. ನಮ್ಮ ಕಣ್ಣಿಗೆ ಅಕ್ಷರ ಕಾಣುತ್ತದೆ, ಕಂಪ್ಯೂಟರ್‌ಗೆ ಅದು ಬರೀ ಚಿತ್ರ. ಓದುವುದೇ ಇಲ್ಲ. ಚಿತ್ರದಿಂದ ಅಕ್ಷರ ಎತ್ತುವ ಒಸಿಆರ್ ಇದೆ, ಆದರೆ ಒತ್ತಕ್ಷರಗಳಲ್ಲಿ ಅದು ತಪ್ಪಿದರೆ ಪ್ರಶ್ನೆಯೇ ಬೇರೆ ಆಗಿಬಿಡುತ್ತದೆ. ಪರೀಕ್ಷೆಗೆ ಅದನ್ನು ನಂಬಬೇಡಿ, ಮೂಲ ಫೈಲ್ ತರಿಸಿ.

ಇನ್ನು ಫಾಂಟ್. ಯುನಿಕೋಡ್ (ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಬಳಸುವ ಒಂದೇ ಸಂಕೇತ ಪದ್ಧತಿ) ಬರುವ ಮೊದಲಿನ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಿಕೆ ಪರದೆಯ ಮೇಲೆ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸಾಫ್ಟ್‌ವೇರ್ ಅದನ್ನೇ ಓದುತ್ತದೆ. ಹೆಡ್‌ಫೋನ್ ಹಾಕಿ ಕುಳಿತ ಮಗುವಿಗೆ ಅರ್ಥವಿಲ್ಲದ ಗೊಣಗಾಟ ಕೇಳುತ್ತದೆ. ಯುನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಒಬ್ಬರು ಕುಳಿತು ಸಾಲು ಸಾಲಾಗಿ ತಾಳೆ ನೋಡಿ.

ಬಿಟ್ಟ ಸ್ಥಳ ತುಂಬಿ ಎಂಬಲ್ಲಿ ಉದ್ದಕ್ಕೆ ಗೆರೆ ಎಳೆದಿರುತ್ತೀರಿ. ಕೆಲವು ಸಾಫ್ಟ್‌ವೇರ್ ಅದನ್ನು "ಅಂಡರ್‌ಸ್ಕೋರ್, ಅಂಡರ್‌ಸ್ಕೋರ್" ಎಂದು ಓದುತ್ತಲೇ ಇರುತ್ತದೆ, ಕೆಲವು ಏನೂ ಹೇಳದೆ ದಾಟಿಬಿಡುತ್ತದೆ. "ಖಾಲಿ ಜಾಗ" ಎಂದು ಬರೆದರೆ ಮುಗಿಯಿತು. "ಅಡಿಗೆರೆ ಎಳೆದ ಪದ" ಎಂಬ ಪ್ರಶ್ನೆಯೂ ಹಾಗೇ. ಅಡಿಗೆರೆ ಕಿವಿಗೆ ಕೇಳಿಸುವುದಿಲ್ಲ. ಆ ಪದವನ್ನು ಪ್ರಶ್ನೆಯಲ್ಲೇ ಇನ್ನೊಮ್ಮೆ ಬರೆಯಿರಿ.

ವಿಜ್ಞಾನ, ಗಣಿತ ಇನ್ನೂ ಕಷ್ಟ. ಹತ್ತರ ವರ್ಗ ಎಂದು ನೀವು ಮೇಲೆ ಚಿಕ್ಕದಾಗಿ 2 ಹಾಕಿದರೆ "ನೂರಾ ಎರಡು" ಎಂದು ಓದಿದ್ದನ್ನು ನಾನೇ ಕೇಳಿದ್ದೇನೆ. ಕಳೆಯುವ ಚಿಹ್ನೆ ಬದಲು ಹೈಫನ್ ಹಾಕಿದ್ದರೆ ಅದು ಮಾಯ. ಋಣ ಸಂಖ್ಯೆ ಧನ ಸಂಖ್ಯೆ ಆಯಿತು! ಸಮೀಕರಣಗಳನ್ನು ಮ್ಯಾಥ್‌ಎಂಎಲ್ ಎಂಬ ರೂಪದಲ್ಲಿ ಹಾಕಿದರೆ, ಅದನ್ನು ಬಲ್ಲ ಸಾಫ್ಟ್‌ವೇರ್ ಸರಿಯಾಗಿ ಓದುತ್ತದೆ. ಅದು ಆಗದಿದ್ದರೆ ಸಮೀಕರಣವನ್ನು ಮಾತಿನಲ್ಲಿ ಬರೆದು ಕೊಡಿ.

ಚಿತ್ರಗಳಿಗೆ ವಿವರಣೆ ಬರೆಯುವಾಗ ಹುಷಾರು. "ಇದು ಯಾವ ಬಗೆಯ ತ್ರಿಕೋನ?" ಎಂಬ ಪ್ರಶ್ನೆಯ ಚಿತ್ರಕ್ಕೆ "ಲಂಬಕೋನ ತ್ರಿಕೋನದ ಚಿತ್ರ" ಎಂದು ವಿವರಣೆ ಹಾಕಿದರೆ ಉತ್ತರ ನೀವೇ ಹೇಳಿದಂತಾಯಿತು. ಬಾಹುಗಳ ಅಳತೆ, ಕೋನಗಳ ಗುರುತು ಹೇಳಿ, ಹೆಸರು ಹೇಳಬೇಡಿ. ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಚಿತ್ರ ನೋಡಲು ತೊಂದರೆ ಇಲ್ಲ, ಅವರಿಗೆ ವಿವರಣೆ ಬೇಕಾಗುವುದಿಲ್ಲ. ಆದರೆ ಚಿತ್ರದ ಒಳಗೆ ಬರೆದ ಹೆಸರುಗಳನ್ನು ಸಾಫ್ಟ್‌ವೇರ್ ಓದುವುದಿಲ್ಲ. ಹೃದಯದ ಚಿತ್ರದ ಭಾಗಗಳಿಗೆ ಹೆಸರು ಹಾಕಿದ್ದರೆ ಆ ಹೆಸರುಗಳನ್ನು ಕೆಳಗೆ ಪಟ್ಟಿ ಮಾಡಿ.

ಕೊನೆಗೆ ಬೀಗದ ಬ್ರೌಸರ್. ನಕಲು ತಡೆಯಲು ಬೇರೆ ಎಲ್ಲವನ್ನೂ ಮುಚ್ಚುವ ಬ್ರೌಸರ್ ಬಳಸುತ್ತೀರಿ ತಾನೆ? ಅದು ಓದಿ ಹೇಳುವ ಸಾಫ್ಟ್‌ವೇರನ್ನೂ ಮುಚ್ಚಿಬಿಡಬಹುದು. ಎರಡನ್ನೂ ಒಟ್ಟಿಗೆ ಓಡಿಸಿ ನೋಡದೆ ಪರೀಕ್ಷೆಯ ದಿನ ಗೊತ್ತು ಮಾಡಬೇಡಿ. ನಾನಾಗಿದ್ದರೆ ಇಂಟರ್‌ನೆಟ್ ಇಲ್ಲದ, ಬೇರೆ ಫೈಲ್ ಇಲ್ಲದ ಒಂದು ಹೊಸ ಖಾತೆ ತೆರೆದು, ಪ್ರಶ್ನೆಪತ್ರಿಕೆ ಒಂದನ್ನೇ ಹಾಕಿ ಕೊಡುತ್ತೇನೆ.

ಹಿಂದಿನ ಬೆಂಚಿನವನು

ನನಗೆ ಡಿಸ್ಲೆಕ್ಸಿಯಾ ಇದೆ. ಶಾಲೆಯಲ್ಲಿ ಮನುಷ್ಯರು ಓದಿ ಹೇಳುತ್ತಿದ್ದರು, ಕಾಲೇಜಿನಲ್ಲಿ ಕಂಪ್ಯೂಟರ್ ಸಿಕ್ಕಿತು. ಎರಡೂ ನೋಡಿದವನ ಮಾತು ಇದು.

ಮನುಷ್ಯರ ದನಿ ಚೆನ್ನಾಗಿರುತ್ತದೆ, ನಿಜ. ಆದರೆ ಒಂದು ಪ್ರಶ್ನೆಯನ್ನು ನಾಲ್ಕನೇ ಸಲ ಓದಿ ಎಂದು ಕೇಳಲು ನಾಚಿಕೆ. ಅವರು ನಿಟ್ಟುಸಿರು ಬಿಟ್ಟರಂತೂ ಕೇಳುವುದೇ ಇಲ್ಲ, ಅಂದಾಜಿನಲ್ಲಿ ಬರೆಯುತ್ತೇವೆ. ಕಂಪ್ಯೂಟರ್‌ಗೆ ಬೇಸರ ಇಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ನಾಲ್ಕು ಆಯ್ಕೆಗಳನ್ನು ಓದುವಾಗ ಸರಿ ಉತ್ತರದ ಮೇಲೆ ಮೇಡಂ ದನಿ ಒಂದು ಚೂರು ಭಾರವಾಗುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ. ನಮಗೆ ಗೊತ್ತಾಗುತ್ತಿತ್ತು, ನಾವೇನು ಕಿವಿ ಮುಚ್ಚಿಕೊಂಡಿರುತ್ತೇವಾ? ಮೋಸದ ಚಿಂತೆ ಇರುವವರಿಗೆ ಕಂಪ್ಯೂಟರೇ ಹೆಚ್ಚು ನಿಷ್ಪಕ್ಷಪಾತಿ.

ಬರೀ ಕೇಳಿದರೆ ಸಾಲದು. ಉದ್ದ ಪ್ರಶ್ನೆಯ ಕೊನೆಗೆ ಬರುವ ಹೊತ್ತಿಗೆ ಮೊದಲ ಭಾಗ ಮರೆತಿರುತ್ತದೆ. ಓದುತ್ತಿರುವ ಪದಕ್ಕೆ ಪರದೆಯ ಮೇಲೆ ಬಣ್ಣ ಬರುತ್ತಾ ಹೋದರೆ ಕಣ್ಣೂ ಕಿವಿಯೂ ಒಟ್ಟಿಗೆ ಸಾಗುತ್ತವೆ. ವೇಗ ನಮ್ಮ ಕೈಯಲ್ಲಿರಬೇಕು. ಒಂದೇ ವಾಕ್ಯಕ್ಕೆ ಹಿಂದೆ ಹೋಗುವ ಗುಂಡಿ ಇರಬೇಕು. ಇಡೀ ಪುಟ ಮೊದಲಿನಿಂದ ಓದುವ ಸಾಫ್ಟ್‌ವೇರ್ ಇದ್ದರೆಷ್ಟು, ಬಿಟ್ಟರೆಷ್ಟು.

ಒಂದು ಕೈಮುಗಿದು ಕೇಳುವ ಮಾತು. ಪರೀಕ್ಷೆಯ ದಿನವೇ ಮೊದಲ ಸಲ ಲ್ಯಾಪ್‌ಟಾಪ್ ಕೊಡಬೇಡಿ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಆಮೇಲೆ "ಸೌಲಭ್ಯ ಕೊಟ್ಟರೂ ಅಂಕ ಬರಲಿಲ್ಲ ನೋಡಿ" ಎಂದು ಎಲ್ಲರೂ ತಲೆ ಆಡಿಸುತ್ತಾರೆ. ತರಗತಿಯಲ್ಲಿ, ಮನೆಗೆಲಸದಲ್ಲಿ, ಕಿರುಪರೀಕ್ಷೆಯಲ್ಲಿ ಅದೇ ಯಂತ್ರ, ಅದೇ ದನಿ, ಅದೇ ವೇಗ ಅಭ್ಯಾಸ ಆಗಿರಬೇಕು.

ವಿಜ್ಞಾನದ ಟೀಚರ್

ದನಿ ಭಾರವಾಗುವ ವಿಷಯ ನನಗೆ ಹೊಳೆದೇ ಇರಲಿಲ್ಲ! ಅವನು ಮನೆಯಲ್ಲಿ ಮೊಬೈಲ್‌ನಲ್ಲಿ ಪಾಠ ಕೇಳುತ್ತಾನಂತೆ. ಲ್ಯಾಪ್‌ಟಾಪ್ ಹೊಸದು. ನಾಳೆಯಿಂದಲೇ ತರಗತಿಯಲ್ಲಿ ಕೊಡುತ್ತೇನೆ. ಎಲ್ಲರೆದುರು ಹೆಡ್‌ಫೋನ್ ಹಾಕಲು ಹಿಂಜರಿಯುತ್ತಾನೆ, ಅದೊಂದು ಸಮಸ್ಯೆ.

ಹಿಂದಿನ ಬೆಂಚಿನವನು

ಪಾಠ ಕೇಳುವ ಹೊತ್ತು ಅಂತ ಮಾಡಿ ಇನ್ನೂ ನಾಲ್ಕು ಮಕ್ಕಳಿಗೆ ಹೆಡ್‌ಫೋನ್ ಕೊಡಿ ಮೇಡಂ. ಒಬ್ಬನೇ ಹಾಕಿದರೆ ಕಣ್ಣಿಗೆ ಬೀಳುತ್ತಾನೆ. ಪರೀಕ್ಷೆಗೆ ಮಾತ್ರ ಬೇರೆ ಕೋಣೆ ಒಳ್ಳೆಯದು.

ಭಾಷಾ ಶಿಕ್ಷಕ

ವಿಜ್ಞಾನ ಸುಲಭ. ನನ್ನ ಕಷ್ಟ ಕೇಳಿ. ನನ್ನ ಪತ್ರಿಕೆಯಲ್ಲಿ ಒಂದು ಗದ್ಯಭಾಗ ಕೊಟ್ಟು "ಓದಿ ಉತ್ತರಿಸಿ" ಎನ್ನುತ್ತೇನೆ. ಅಲ್ಲಿ ಓದೇ ಪರೀಕ್ಷೆ. ಕಂಪ್ಯೂಟರ್ ಓದಿ ಹೇಳಿದರೆ ನಾನು ಏನನ್ನು ಅಳೆದಂತಾಯಿತು?

ಅಳತೆಪಟ್ಟಿ

ಸರ್, ಈ ಒಂದು ಪ್ರಶ್ನೆಯಲ್ಲಿ ದೊಡ್ಡ ದೊಡ್ಡ ಪರೀಕ್ಷಾ ಸಂಸ್ಥೆಗಳೇ ಒಂದು ಅಭಿಪ್ರಾಯಕ್ಕೆ ಬಂದಿಲ್ಲ. ಅಮೆರಿಕದ ರಾಷ್ಟ್ರಮಟ್ಟದ ನೇಪ್ ಓದು ಪರೀಕ್ಷೆಯಲ್ಲಿ ಗದ್ಯಭಾಗವನ್ನು ಓದಿ ಹೇಳುವಂತಿಲ್ಲ. ಅದೇ ದೇಶದಲ್ಲಿ ಹಲವು ರಾಜ್ಯಗಳು ಬಳಸುವ ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆಯಲ್ಲಿ ಗದ್ಯಭಾಗ ಓದಿಸಿಕೊಳ್ಳಬಹುದು, ಆದರೆ ಅದಕ್ಕೆ ಆ ಮಗುವಿಗೆಂದೇ ಮಾಡಿದ ಕಲಿಕಾ ಯೋಜನೆಯಲ್ಲಿ ಮೊದಲೇ ದಾಖಲೆ ಇರಬೇಕು. ಬ್ರಿಟನ್‌ನ ಪರೀಕ್ಷಾ ಮಂಡಳಿಗಳ ಒಕ್ಕೂಟ ಜೆಸಿಕ್ಯೂದ ನಿಯಮ ಇನ್ನೂ ಸ್ವಾರಸ್ಯವಾಗಿದೆ. ಓದನ್ನೇ ಅಳೆಯುವ ಭಾಗದಲ್ಲಿ ಮನುಷ್ಯ ಓದಿ ಹೇಳುವಂತಿಲ್ಲ, ಕಂಪ್ಯೂಟರ್ ಓದಿ ಹೇಳಬಹುದು. ಕಂಪ್ಯೂಟರ್ ಆದರೆ ಎಲ್ಲಿ ನಿಲ್ಲಿಸಬೇಕು, ಯಾವ ಸಾಲಿಗೆ ಮರಳಬೇಕು ಎಂಬುದೆಲ್ಲ ವಿದ್ಯಾರ್ಥಿಯೇ ಮಾಡುವ ಕೆಲಸ. ಹಾಗಾಗಿ ಸ್ವತಂತ್ರವಾಗಿ ಓದಿದಂತೆ ಎಂಬುದು ಅವರ ವಾದ.

ನನ್ನ ನಿಲುವು ಹೀಗೆ. ಚಿಕ್ಕ ತರಗತಿಯಲ್ಲಿ ಓದಲು ಬರುತ್ತದೆಯೇ ಎಂದೇ ನೋಡುತ್ತೀರಿ. ಅಲ್ಲಿ ಓದಿ ಹೇಳಿಸಿದರೆ ಮಗುವಿಗೆ ಬೇಕಾದ ಪಾಠವೇ ತಪ್ಪಿಹೋಗುತ್ತದೆ, ಏಕೆಂದರೆ ತೊಂದರೆ ಇದೆ ಎಂಬುದೇ ಮುಚ್ಚಿಹೋಗುತ್ತದೆ. ದೊಡ್ಡ ತರಗತಿಯಲ್ಲಿ ಲೇಖಕ ಏನು ಹೇಳುತ್ತಿದ್ದಾನೆ, ಯಾಕೆ ಹೀಗೆ ಮುಗಿಸಿದ ಎಂದು ಕೇಳುತ್ತೀರಿ. ಅಲ್ಲಿ ಓದಿಸಬಹುದು. ಎರಡನ್ನೂ ತಿಳಿಯಬೇಕಾದರೆ ಎರಡು ಬೇರೆ ಅಂಕ ಕೊಡಿ. ತಾನೇ ಓದಿದಾಗ ಇಷ್ಟು, ಕೇಳಿಸಿಕೊಂಡಾಗ ಇಷ್ಟು. ಎರಡರ ನಡುವಿನ ಅಂತರ ಒಂದೇ ಅಂಕಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ಭಾಷಾ ಶಿಕ್ಷಕ

ಎರಡು ಅಂಕದ ಮಾತು ಹಿಡಿಸಿತು. ಮುಖ್ಯ ಶಿಕ್ಷಕರನ್ನು ಒಪ್ಪಿಸುವುದು ನನ್ನ ತಲೆನೋವು.

ಇಬ್ಬರು ಮಕ್ಕಳ ಅಮ್ಮ

ಎಲ್ಲರೂ ಓದುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಬರೆಯುವುದರ ಬಗ್ಗೆ? ಮಾತನಾಡಿದ್ದನ್ನು ಅಕ್ಷರಕ್ಕೆ ಇಳಿಸುವ ಸಾಫ್ಟ್‌ವೇರ್ ಈಗ ಎಲ್ಲ ಫೋನ್‌ನಲ್ಲೂ ಇದೆ. ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಬದಲು ಅದನ್ನು ಕೊಡಬಹುದಾ?

ವಿಶೇಷ ಶಿಕ್ಷಕಿ

ಕೊಡಬಹುದು ಅಕ್ಕ, ಆದರೆ ಅಭ್ಯಾಸ ಬೇಕು. ಇದರ ಬಗ್ಗೆ ಒಂದು ಹಳೆಯ, ಚೆನ್ನಾಗಿ ಮಾಡಿದ ಅಧ್ಯಯನ ಇದೆ. 2004ರಲ್ಲಿ ಮ್ಯಾಕಾರ್ಥರ್ ಮತ್ತು ಕ್ಯಾವಲಿಯರ್ 31 ಪ್ರೌಢಶಾಲಾ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿದರು. ಅವರಲ್ಲಿ 21 ಜನರಿಗೆ ಕಲಿಕಾ ತೊಂದರೆ ಇತ್ತು. ಪ್ರತಿಯೊಬ್ಬರೂ ಮೂರು ಬಗೆಯಲ್ಲಿ ಬರೆದರು: ಕೈಯಲ್ಲಿ, ಕಂಪ್ಯೂಟರ್‌ಗೆ ಹೇಳಿ, ಸ್ಕ್ರೈಬ್‌ಗೆ ಹೇಳಿ. ತೊಂದರೆ ಇದ್ದವರಲ್ಲಿ ಸ್ಕ್ರೈಬ್ ಬರೆದದ್ದು ಎಲ್ಲಕ್ಕಿಂತ ಚೆನ್ನಾಗಿತ್ತು, ಆಮೇಲೆ ಕಂಪ್ಯೂಟರ್, ಕೊನೆಗೆ ಕೈಬರಹ. ತೊಂದರೆ ಇಲ್ಲದವರಲ್ಲಿ ಮೂರಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ಮೇಲೆ ಅಳತೆಪಟ್ಟಿಯವರು ಹೇಳಿದ ಪರೀಕ್ಷೆಯಲ್ಲಿ ಇದು ಗೆದ್ದ ಸೌಲಭ್ಯ.

ಆದರೆ ಸಾಫ್ಟ್‌ವೇರ್ ತಪ್ಪಾಗಿ ಕೇಳಿಸಿಕೊಂಡು ಬರೆದದ್ದನ್ನು ಯಾರು ತಿದ್ದಬೇಕು? ಓದಲು ಕಷ್ಟಪಡುವ ಮಗುವೇ! ಆದ್ದರಿಂದ ಬರೆದದ್ದನ್ನು ಓದಿ ಹೇಳುವ ಸೌಲಭ್ಯವೂ ಜೊತೆಗೆ ಇರಬೇಕು. ಒಂದನ್ನೇ ಕೊಟ್ಟರೆ ಅರ್ಧ ಕೆಲಸ. ಮಕ್ಕಳು ನಿಲ್ಲಿಸಿ ನಿಲ್ಲಿಸಿ, ಪಿಸುಗುಟ್ಟಿ ಮಾತಾಡಿದರೆ ತಪ್ಪು ಜಾಸ್ತಿ. ಬೇರೆ ಕೋಣೆಯಂತೂ ಬೇಕೇ ಬೇಕು, ಇಲ್ಲದಿದ್ದರೆ ಇಡೀ ಹಾಲ್‌ಗೆ ಉತ್ತರ ಕೇಳಿಸುತ್ತದೆ.

ನಿಮ್ಮ ಮಗಳಿಗೆ ಟೈಪಿಂಗ್ ಬರುತ್ತದೆ ಎಂದಿರಿ. ಹಾಗಿದ್ದರೆ ಅದೇ ಮುಂದುವರಿಯಲಿ. ಟೈಪಿಂಗ್ ಸರಿಯಾಗಿ ಕಲಿಯದ ಮಗುವಿಗೆ ಕೀಬೋರ್ಡ್ ಕೊಟ್ಟರೆ ಕೈಬರಹಕ್ಕಿಂತ ನಿಧಾನವಾಗಬಹುದು. ಬಾರದ ಸಾಧನ ಕೊಡುವುದು ಸೌಲಭ್ಯ ಅಲ್ಲ.

ಅಳತೆಪಟ್ಟಿ

ಟೈಪ್ ಮಾಡಿದ ಉತ್ತರ ತಿದ್ದುವವರಿಗೆ ಒಂದು ಎಚ್ಚರಿಕೆ. 1994ರಲ್ಲಿ ಅಮೆರಿಕದಲ್ಲಿ ಪರೀಕ್ಷೆಗಳನ್ನು ತಯಾರಿಸುವ ಇಟಿಎಸ್ ಸಂಸ್ಥೆಯ ಸಂಶೋಧಕರು ಕೈಬರಹದ ಪ್ರಬಂಧಗಳನ್ನು ಟೈಪ್ ಮಾಡಿಸಿ, ಟೈಪ್ ಮಾಡಿದ್ದನ್ನು ಕೈಯಲ್ಲಿ ಬರೆಸಿ, ಮತ್ತೆ ಮೌಲ್ಯಮಾಪನಕ್ಕೆ ಕೊಟ್ಟರು. ಒಂದೇ ಪ್ರಬಂಧ ಟೈಪ್ ಆಗಿ ಬಂದಾಗ ಸರಾಸರಿ ಅಂಕ ಕಡಿಮೆ ಬಂತು. ಅಚ್ಚಿನಂತೆ ಕಂಡಾಗ ತಪ್ಪುಗಳು ಕಣ್ಣಿಗೆ ಹೊಡೆಯುತ್ತವೆ, ಪುಟವೂ ಚಿಕ್ಕದಾಗಿ ಕಾಣುತ್ತದೆ. ಸೌಲಭ್ಯ ಪಡೆದ ಮಗು ಹೀಗೆ ಸದ್ದಿಲ್ಲದೆ ಅಂಕ ಕಳೆದುಕೊಳ್ಳಬಹುದು. ಮೌಲ್ಯಮಾಪಕರಿಗೆ ಇದನ್ನು ಮೊದಲೇ ತಿಳಿಸಿದರೆ ಪರಿಣಾಮ ಸ್ವಲ್ಪ ತಗ್ಗುತ್ತದೆ.

ಹೊಸ ಸದಸ್ಯೆ

ಡಿಸ್ಲೆಕ್ಸಿಯಾಗೆಂದೇ ಮಾಡಿದ ಫಾಂಟ್ ಇದೆಯಂತೆ. ಪುಟದ ಮೇಲೆ ಬಣ್ಣದ ಪಾರದರ್ಶಕ ಹಾಳೆ ಇಟ್ಟರೂ ಓದಲು ಬರುತ್ತದಂತೆ. ಇಷ್ಟೆಲ್ಲ ಕಂಪ್ಯೂಟರ್ ರಗಳೆ ಯಾಕೆ?

ವಿಶೇಷ ಶಿಕ್ಷಕಿ

ಬಣ್ಣದ ಹಾಳೆಗೆ ಗಟ್ಟಿಯಾದ ಆಧಾರ ಇಲ್ಲ. ವಿಶೇಷ ಫಾಂಟ್‌ಗಳನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಆದರೆ ಅಕ್ಷರಗಳ ನಡುವಿನ ಜಾಗ ಹೆಚ್ಚಿಸಿದರೆ ಉಪಯೋಗ ಇದೆ. 2012ರಲ್ಲಿ ಇಟಲಿ ಮತ್ತು ಫ್ರಾನ್ಸ್‌ನ ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಇದನ್ನು ನೋಡಿದ್ದರು, ಓದು ಚುರುಕಾಗಿ ತಪ್ಪೂ ಕಡಿಮೆ ಆಗಿತ್ತು. ದೊಡ್ಡ ಅಕ್ಷರ, ಅಗಲವಾದ ಸಾಲಂತರ, ಪುಟಕ್ಕೆ ಕಡಿಮೆ ಪ್ರಶ್ನೆ. ಇದನ್ನು ಎಲ್ಲ ಮಕ್ಕಳ ಪತ್ರಿಕೆಯಲ್ಲೂ ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ರಾತ್ರಿ ಓದುಗ

ರೀಡರ್ ಪೆನ್ ಬಗ್ಗೆ ಯಾರೂ ಹೇಳಲಿಲ್ಲ. ಅಚ್ಚಾದ ಸಾಲಿನ ಮೇಲೆ ಎಳೆದರೆ ಓದಿ ಹೇಳುತ್ತದೆ. ಪರೀಕ್ಷೆಗೆಂದೇ ನಿಘಂಟನ್ನೂ ಬರಹ ಉಳಿಸಿಡುವ ಸೌಲಭ್ಯವನ್ನೂ ತೆಗೆದ ಮಾದರಿಗಳಿವೆ.

ಕೀಲಿಮಣೆ

ಇಂಗ್ಲಿಷ್‌ಗೆ ಚೆನ್ನಾಗಿದೆ. ಬೇರೆ ಭಾಷೆಗಾದರೆ ಆ ಪೆನ್‌ಗೆ ಆ ಲಿಪಿ ಬರುತ್ತದಾ ಎಂದು ಮೊದಲು ನೋಡಿ. ಸಾಲು ನೇರ ಎಳೆಯಲು ಕೈ ಹಿಡಿತ ಬೇಕು. ಡಿಸ್‌ಗ್ರಾಫಿಯಾ ಕೂಡ ಇರುವ ಮಕ್ಕಳು ಅದರಲ್ಲಿ ಒದ್ದಾಡುತ್ತಾರೆ.

ಗಣಿತದ ಮೇಷ್ಟ್ರು

ಇನ್ನೊಂದು ಕೇಳಿಬಿಡುತ್ತೇನೆ. ಅಂಕಪಟ್ಟಿಯಲ್ಲಿ "ಸೌಲಭ್ಯದೊಂದಿಗೆ ಬರೆದದ್ದು" ಎಂದು ನಮೂದಿಸಿದರೆ ಎಲ್ಲರಿಗೂ ಸಮಾಧಾನ ಅಲ್ವಾ? ಕಾನೂನು ಏನು ಹೇಳುತ್ತದೆ?

ಅಳತೆಪಟ್ಟಿ

ದೇಶಕ್ಕೊಂದು ನಿಯಮ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವಿಕಲತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ) ಸೇರಿದೆ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತ್ತು. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಕೊಡುವುದು ಶೇ 25.

ಗುರುತು ಹಾಕುವ ಪದ್ಧತಿ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ ಇತ್ತು. ಹೆಚ್ಚಿನ ಸಮಯ ಪಡೆದವರ ಅಂಕದ ಜೊತೆ ಅದನ್ನು ನಮೂದಿಸುತ್ತಿದ್ದರು. 2003ರಲ್ಲಿ ಕೈಬಿಟ್ಟರು. ಗುರುತು ನೋಡಿದ ಕೂಡಲೇ ತೊಂದರೆ ಏನೋ ಇದೆ ಎಂದು ಊರಿಗೆಲ್ಲ ತಿಳಿಯುತ್ತದೆ. ಅದಕ್ಕೆ ಹೆದರಿ ಬೇಕಾದವರೇ ಸೌಲಭ್ಯ ಕೇಳುವುದಿಲ್ಲ. ಸೌಲಭ್ಯ ಅಳತೆಯನ್ನು ಕೆಡಿಸಿಲ್ಲ ಎಂದಾದರೆ ಗುರುತು ಯಾಕೆ? ಕೆಡಿಸಿದೆ ಎಂದಾದರೆ ಆ ಸೌಲಭ್ಯವನ್ನೇ ಕೊಡಬಾರದಿತ್ತು.

ಗಣಿತದ ಮೇಷ್ಟ್ರು

ಸರಿ, ಒಪ್ಪಿದೆ. ಪೂರ್ತಿ ಅಲ್ಲ, ಮುಕ್ಕಾಲು.

ರಾತ್ರಿ ಓದುಗ

ಪ್ರಶ್ನೆಯನ್ನು ಸರಳ ಮಾಡಿ ಹೇಳುವ ಎಐ ಬಂದಿದೆಯಲ್ಲ, ಅದು?

ವಿಶೇಷ ಶಿಕ್ಷಕಿ

ಓದಿ ಹೇಳಲಿ, ಅಡ್ಡಿಯಿಲ್ಲ. ಪ್ರಶ್ನೆಯನ್ನು ತಿರುಗಿಸಿ ಬರೆಯುವುದು ಬೇಡ. ಸರಳ ಮಾಡುವಾಗ ಸುಳಿವು ಸೇರಿಕೊಳ್ಳುತ್ತದೆ, ಕೆಲವು ಸಲ ಅರ್ಥವೇ ಬದಲಾಗುತ್ತದೆ. ಪ್ರಶ್ನೆ ಸರಳವಾಗಿರಬೇಕಾದರೆ ಶಿಕ್ಷಕರೇ ಮೊದಲು ಸರಳವಾಗಿ ಬರೆಯಲಿ.

ವಿಜ್ಞಾನದ ಟೀಚರ್

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಪತ್ರಿಕೆಯ ಪಕ್ಕ ಪೆನ್ಸಿಲ್ ಟಿಪ್ಪಣಿ ಬರೆದೆ. ಒಂದು ಪ್ರಶ್ನೆ ಬಿಟ್ಟು ಉಳಿದ ಎಲ್ಲದರಲ್ಲೂ ಓದಿಸಬಹುದು. ಆ ಒಂದರಲ್ಲಿ ಪದಗಳ ಕಾಗುಣಿತಕ್ಕೆ ಅಂಕ ಇಟ್ಟಿದ್ದೆವು, ವಿಜ್ಞಾನದಲ್ಲಿ ಅದು ಯಾಕಿತ್ತೋ! ಎಲ್ಲರಿಗೂ ತೆಗೆದುಹಾಕಿದೆವು. ಪತ್ರಿಕೆಯನ್ನು ಯುನಿಕೋಡ್‌ಗೆ ತಂದಾಗಿದೆ, ಚಿತ್ರದ ಹೆಸರುಗಳನ್ನು ಕೆಳಗೆ ಬರೆದಿದ್ದೇವೆ.

ಕೊನೆಯ ಪ್ರಶ್ನೆ. ಮಧ್ಯದಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ಏನು ಮಾಡುವುದು? ಮೇಲ್ವಿಚಾರಕರಿಗೆ ಏನು ಹೇಳಿಡಲಿ?

ಕೀಲಿಮಣೆ

ಅದೇ ಫೈಲ್ ಹಾಕಿದ ಎರಡನೇ ಲ್ಯಾಪ್‌ಟಾಪ್ ಪಕ್ಕದಲ್ಲಿರಲಿ. ಇನ್ನೊಂದು ಹೆಡ್‌ಫೋನ್ ಕೂಡ. ಪರೀಕ್ಷೆಯುದ್ದಕ್ಕೂ ಚಾರ್ಜರ್ ಹಾಕಿಯೇ ಇರಲಿ. ಕೆಟ್ಟ ನಿಮಿಷದಲ್ಲೇ ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು, ಸರಿಯಾದಾಗ ಮತ್ತೆ ಬರೆದುಕೊಳ್ಳಬೇಕು, ಅಷ್ಟೂ ಸಮಯ ಕೊನೆಯಲ್ಲಿ ಸೇರಿಸಬೇಕು. ಇದನ್ನು ಮೇಲ್ವಿಚಾರಕರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಎರಡೂ ಯಂತ್ರ ಕೆಟ್ಟರೆ ಓದಿ ಹೇಳಲು ಒಬ್ಬರು ಸಿದ್ಧರಿರಲಿ. ಆ ಒಬ್ಬರು ವಿಜ್ಞಾನದವರು ಬೇಡ, ಉತ್ತರ ಗೊತ್ತಿಲ್ಲದವರ ದನಿ ಭಾರವಾಗುವುದಿಲ್ಲ.

ಗಣಿತದ ಮೇಷ್ಟ್ರು

ಆವತ್ತು ನನಗೆ ಬಿಡುವಿದೆ. ಗಣಿತದವನು ಆಗುತ್ತದಾ?